ತಗಡಪ್ಪನ ‘ಓಡೋಣ’

ಐದೂವರೆಗೆ ಎದ್ದೆ. ಕಾರ್ಪೊರೇಷನ್ ನೀರು ಬಂತು; ಎರಡು ಡ್ರಮ್ಮು, ಆರು ಬಿಂದಿಗೆ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅತ್ತೆಯ ಪೂಜೆಗೆ ಬಿಲ್ವಪತ್ರೆ ಬಿಡಿಸಿಕೊಟ್ಟೆ. ಇವರ ಡಬ್ಬಿಗೆ ಚಿತ್ರಾನ್ನ, ಮಗಳ ಡಬ್ಬಿಗೆ ಚಪಾತಿ, ಆಲೂಗಡ್ಡೆ ಪಲ್ಯ. ಅತ್ತೆಗೆ ಬೆಳಗಿನ ಮಾತ್ರೆ ಎರಡು. ಹಲಸಂದೆ ಕಾಳು ನೆನೆಹಾಕಿದೆ. ಅಡುಗೆಮನೆಯ ನಲ್ಲಿಗೆ ಬಟ್ಟೆ ಬಿಗಿದು ಕಟ್ಟಿದೆ. ಗುಬ್ಬಿಯಿಂದ ನಾದಿನಿ ಕಳಿಸಿದ್ದ ಹುಣಸೆಹಣ್ಣಿನ ಚೀಲ ಬಿಚ್ಚಿ ಬಿಸಿಲಿಗೆ ಹರವಿದೆ.

ನನ್ನ ದಿನಚರಿಯ ಆ ಗುರುವಾರದ ಪುಟದಲ್ಲಿ ನೀಲಿ ಶಾಯಿಯಲ್ಲಿ ಇಷ್ಟೇ ಇದೆ. ಕುಣಿಗಲ್‌ನಲ್ಲಿ ನಮ್ಮಪ್ಪ ದಿನವೂ ಹೀಗೆ ಬರೆದಿಡುತ್ತಿದ್ದರು: ಕೆರೆ ನೀರು ಎಷ್ಟನೇ ಮೆಟ್ಟಿಲಿಗೆ ಬಂತು, ಮನೆಗೆ ಯಾರು ಬಂದರು, ಏನು ಸಾರು. ತವರಿನಿಂದ ನಾನು ತುಮಕೂರಿಗೆ ತಂದದ್ದು ಆ ಗುಣ ಒಂದೇ ಅಂತ ಅತ್ತೆ ಈಗಲೂ ಆಡಿಕೊಳ್ಳುತ್ತಾರೆ. ಹುಣಸೆಹಣ್ಣಿನಿಂದ ಮುಂದಿನದನ್ನು ಮಾರನೆಯ ದಿನ ಮಗಳ ಕಪ್ಪು ಪೆನ್ನಿನಲ್ಲಿ ಬರೆದೆ. ಅದೂ ನಾಲ್ಕೇ ಸಾಲು. ಈಗ ಬರೆಯುತ್ತಿರುವುದು ಆ ನಾಲ್ಕು ಸಾಲಿನ ಒಳಗಿರುವುದು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಾನೂ ಅತ್ತೆಯೂ ಹಜಾರದಲ್ಲಿ ಹಳೇ ಸೀರೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದೆವು. ಅತ್ತೆಗೆ ಎಪ್ಪತ್ತಾರು. ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಗಾಬರಿಯಾಗುವಂಥ ಸುದ್ದಿ ಏಕಾಏಕಿ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಮೂರು ಗಂಟೆಗೆ ಅವರ ಧಾರಾವಾಹಿ. ಅದಕ್ಕೆ ಮುಂಚೆ ಐದು ನಿಮಿಷ ವಾರ್ತೆ ಕೇಳಿಸಿಕೊಳ್ಳುವುದು ರೂಢಿ. ರಿಮೋಟು ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಆಗ ಗುಬ್ಬಿಯಿಂದ ನಾದಿನಿಯ ಫೋನು.

“ಅತ್ತಿಗೆ, ಅಮ್ಮ ಪಕ್ಕದಲ್ಲವ್ರಾ? ಹ್ಞೂ, ಊಹ್ಞೂ, ಅಷ್ಟೇ ಅನ್ನಿ.”

“ಹ್ಞೂ.”

“ಟೀವಿ ಹಾಕಿದ್ದೀರಾ?”

“ಊಹ್ಞೂ.”

“ಹಾಕ್ಬೇಡಿ. ಅಣ್ಣನ ಫ್ಯಾಕ್ಟ್ರಿ ತೋರಿಸ್ತಾವ್ರೆ. ಗ್ಯಾಸ್ ಲೀಕಂತೆ, ಜನ ಮೂಗಿಗೆ ಬಟ್ಟೆ ಕಟ್ಕೊಂಡು ಓಡ್ತಾವ್ರೆ. ಅಣ್ಣ ಫೋನ್ ಎತ್ತಾನೇ ಇಲ್ಲ, ಅತ್ತಿಗೆ.”

ನನ್ನ ಬೆರಳಿಗೆ ಅಂಟಿದ್ದ ಬೀಜ ಕೆಳಗೆ ಬೀಳಲಿಲ್ಲ. ಅತ್ತೆ ನನ್ನ ಮುಖ ನೋಡುತ್ತಿದ್ದರು.

“ಹುಣಸೆಹಣ್ಣು ಚೆನ್ನಾಗಿದೆ ಕಣಮ್ಮ. ನಾರೂ ಕಮ್ಮಿ,” ಎಂದು ಇಟ್ಟುಬಿಟ್ಟೆ.

ನನ್ನ ಯಜಮಾನರು ವಸಂತನರಸಾಪುರದಲ್ಲಿ ಹಣ್ಣಿನ ರಸ ತಯಾರಿಸಿ ಕೋಲ್ಡ್ ಸ್ಟೋರೇಜಿನಲ್ಲಿಡುವ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರು. ನಟ್ಟು, ಬೋಲ್ಟು, ವಾಷರು, ವಾಲ್ವುಗಳ ಉಸ್ತುವಾರಿ. ಆ ತಣ್ಣನೆಯ ಕೋಣೆಗಳ ಸುತ್ತ ಪೈಪಿನಲ್ಲಿ ಅಮೋನಿಯಾ ಗ್ಯಾಸು ಹರಿಯುತ್ತದೆ. ಪೈಪಿನೊಳಗಿದ್ದರೆ ಅದರಷ್ಟು ಸಾಧು ಯಾವುದೂ ಇಲ್ಲ, ಹೊರಗೆ ಬಂದರೆ ಕಣ್ಣು ಶ್ವಾಸ ಎರಡನ್ನೂ ಹಿಡಿಯುತ್ತೆ ಅಂತ ಇವರೇ ಒಮ್ಮೆ ಹೇಳಿದ್ದರು. ಫೋನನ್ನು ಗೇಟಿನ ಹತ್ತಿರ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು, ಅಲ್ಲಿಯ ಕಾನೂನು. ಫೋನು ಎತ್ತುತ್ತಿಲ್ಲ ಅನ್ನುವುದರಿಂದ ಏನೂ ಗೊತ್ತಾಗುವ ಹಾಗಿಲ್ಲ.

ಅತ್ತೆ ರಿಮೋಟಿಗೆ ಕೈ ಚಾಚಿದರು. ನಾನು ಮೊದಲೇ ಎತ್ತಿಕೊಂಡೆ.

“ಅತ್ತೆ, ತಗಡಪ್ಪನ್ನ ಹಾಕ್ಲಾ?”

“ಇವತ್ತು ಗುರುವಾರ ಕಣೇ. ಅವನು ಭಾನುವಾರದೋನು.”

“ಕೇಬಲ್ ಬರ್ತಾ ಇಲ್ಲ.”

“ಹಾಕಿ ನೋಡ್ದೆ ಹೆಂಗೆ ಹೇಳ್ತೀಯೇ?”

“ಬೆಳಗ್ಗೇನೇ ಹೋಗಿತ್ತು ಅತ್ತೆ.”

ಸಾರಿಗೆ ಉಪ್ಪು ಹೆಚ್ಚಾದಾಗ ಬಿಟ್ಟರೆ ನಾನು ಅತ್ತೆಗೆ ಸುಳ್ಳು ಹೇಳಿದವಳಲ್ಲ. ಟೀವಿ ಕೆಳಗಿನ ಗೂಡಿನಿಂದ ಡಿಸ್ಕಿನ ಪೆಟ್ಟಿಗೆ ತೆಗೆದು, ಪ್ಲೇಯರಿಗೆ ಹಾಕಿ, ಚಕ್ರ ತಿರುಗುವ ಸದ್ದು ಬರುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ.

ಆ ಡಿಸ್ಕು ನಮ್ಮ ಮನೆಗೆ ಬಂದದ್ದೇ ಒಂದು ತಪ್ಪಿನಿಂದ. ಎಂಟು ವರ್ಷದ ಹಿಂದೆ ಅಶೋಕ ರಸ್ತೆ ಕಡೆ ಒಂದು ಸೀಡಿ ಅಂಗಡಿ ಮುಚ್ಚುತ್ತಿತ್ತು. ಮಿಕ್ಕಿದ್ದನ್ನೆಲ್ಲ ಬಾಗಿಲಲ್ಲಿ ರಾಶಿ ಹಾಕಿದ್ದರು. ಇವರ ಕಣ್ಣಿಗೆ ಬಿದ್ದ ಪೆಟ್ಟಿಗೆಯ ಮೇಲೆ ಪೈಪು, ನಲ್ಲಿ, ದೊಡ್ಡದೊಂದು ಸ್ಪ್ಯಾನರ್ ಚಿತ್ರ. ಒಳಗೆ ನಾಲ್ಕು ಡಿಸ್ಕು. ನಲ್ಲಿ ರಿಪೇರಿ ಕಲಿಸುವ ಪಾಠ ಅಂದುಕೊಂಡು ತಂದರು. ನಮ್ಮ ಅಡುಗೆಮನೆಯ ನಲ್ಲಿ ಆಗಲೂ ಸೋರುತ್ತಿತ್ತು. ಭಾನುವಾರ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಟೀವಿ ಮುಂದೆ ಕೂತರು. ಬಂದದ್ದು ಇಂಗ್ಲಿಷ್ ಕಾರ್ಟೂನು. ಆಕಾಶದಲ್ಲಿ ಒಂದು ಲಡಕಾಸಿ ಹಡಗು. ಅದರಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗಿ ನಲ್ಲಿ ರಿಪೇರಿ ಮಾಡುವ ಮೂರು ಜೀವ: ತಲೆಯ ಮೇಲೆ ಮೂರನೇ ಕೈ ಇರುವ ನೀಲಿ ಮೈಯ ಯಜಮಾನಿ, ಮಾತೆತ್ತಿದರೆ ಮುನಿಸಿಕೊಂಡು ಎಲೆ ಮುಚ್ಚಿಕೊಳ್ಳುವ ಒಂದು ಗಿಡ, ಎಣ್ಣೆ ಡಬ್ಬದಂಥ ಹೊಟ್ಟೆಯ ರೋಬೋಟು. ರೋಬೋಟಿಗೆ ಅತ್ತೆ ಇಟ್ಟ ಹೆಸರು ತಗಡಪ್ಪ.

ನಕ್ಕು ನಕ್ಕು ಇವರ ಪೆನ್ಸಿಲ್ಲು ಸೋಫಾ ಸಂದಿಗೆ ಬಿತ್ತು. ಅಂದಿನಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಕತೆ. ಅದರಲ್ಲಿ ಅಂಥದ್ದೇನಿದೆ ಅಂತ ಬಂದವರೆಲ್ಲ ಕೇಳಿದ್ದಾರೆ. ನನಗೆ ಇಂಗ್ಲಿಷ್ ಅರ್ಧ ಬರುತ್ತೆ, ಅತ್ತೆಗೆ ಒಂದಕ್ಷರವೂ ಬಾರದು. ಆದರೂ ಹಿಡಿಸಿತು. ಅಲ್ಲಿ ಯಾರೂ ಚೆಲುವರಲ್ಲ, ಯಾರೂ ಲೋಕ ಉಳಿಸುವುದಿಲ್ಲ. ಒಂದು ಗ್ರಹದಲ್ಲಿ ಸಮುದ್ರ ಸೋರುತ್ತದೆ, ಇನ್ನೊಂದರಲ್ಲಿ ಬಿಸಿಲು, ಮತ್ತೊಂದರಲ್ಲಿ ಜನರ ನೆನಪು. ಇವರು ಹೋಗುತ್ತಾರೆ, ಇದ್ದ ತೂತನ್ನು ದೊಡ್ಡದು ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಹೇಗೋ ಬಟ್ಟೆ ಕಟ್ಟಿ ವಾಪಸಾಗುತ್ತಾರೆ. ಪ್ರತಿ ಕತೆಯ ಕೊನೆಗೂ ಆ ಇಕ್ಕಟ್ಟಿನ ಹಡಗಿನಲ್ಲಿ ಮೂವರೂ ಕೂತು ಹಸಿರು ಗಂಜಿ ತಿನ್ನುತ್ತಾರೆ. “ನಮ್ಮ ಸ್ಟೋರ್ ಥರಾನೇ ಇದೆ,” ಅನ್ನುತ್ತಿದ್ದರು ಇವರು. ನನಗೆ ಇಷ್ಟವಾಗುತ್ತಿದ್ದದ್ದು ಆ ಗಂಜಿ ಊಟ. ಯಾರೂ ಯಾರಿಗೂ ಬುದ್ಧಿ ಹೇಳದೆ ಒಂದು ಊಟ ಮುಗಿಯುತ್ತಿತ್ತು.

ಇನ್ನು ತಗಡಪ್ಪನ ಮಾತು. ಏನೇ ಅನಾಹುತವಾಗಲಿ, ಅವನು ತಗಡಿನ ಅಂಗೈ ಮುಂದೆ ಹಿಡಿದು “ಹೋಲ್ಡ್ ಆನ್, ಹೋಲ್ಡ್ ಆನ್” ಅನ್ನುತ್ತಾನೆ. ತಡೀರಿ, ನಿಲ್ಲಿ ಅಂತ. ಅದು ಅತ್ತೆಯ ಕಿವಿಗೆ ಬಿದ್ದದ್ದು ‘ಓಡೋಣ, ಓಡೋಣ’ ಎಂದು.

“ನೋಡೇ ಅವನ್ನ! ಓಡೋಣ ಓಡೋಣ ಅಂತಾನೆ, ನಿಂತಲ್ಲೇ ನಿಂತವ್ನೆ ಮುಂಡೇದು!”

ಮಗಳು ತಿದ್ದಲು ಹೋದಳು. “ಅಜ್ಜಿ, ಅದು ಓಡೋಣ ಅಲ್ಲ. ಹೋಲ್ಡ್ ಆನ್.”

“ನನ್ನ ಕಿವಿ ನಿನ್ನ ಇಂಗ್ಲಿಷ್‌ಗಿಂತ ಹಳೇದು ಕಣೇ, ಸುಮ್ನಿರು.”

ಇವರಿಗೆ ಅದು ಎಷ್ಟು ಹಿಡಿಸಿತೆಂದರೆ ನಮ್ಮ ಮನೆಯಲ್ಲಿ ಆ ಮಾತಿನ ಅರ್ಥವೇ ತಿರುವುಮುರುವಾಯಿತು. ಹಾಲು ಉಕ್ಕುವಾಗ ಯಾರಾದರೂ ಅಡ್ಡ ಬಂದರೆ ‘ಓಡೋಣ!’, ಅಂದರೆ ಅಲ್ಲೇ ನಿಲ್ಲು. ನೆಲ ಒರೆಸಿದ್ದು ಒಣಗಿಲ್ಲದಿದ್ದರೆ ‘ಓಡೋಣ!’ ಬಿ.ಎಚ್. ರಸ್ತೆ ದಾಟುವಾಗ ಇವರು ಅಂಗೈ ಎತ್ತಿ ‘ಓಡೋಣ’ ಅಂದರೆ ನಾವು ನಾಲ್ವರೂ ಕಂಬದ ಹಾಗೆ ನಿಂತುಬಿಡುತ್ತಿದ್ದೆವು. ಒಂದು ಸಲ ಪಕ್ಕದಲ್ಲಿದ್ದ ಯಾರೋ ಹೆಂಗಸು ಆ ಮಾತು ಕೇಳಿ ನಿಜವಾಗಿಯೂ ಓಡಿ, ಸ್ಕೂಟರಿನವನ ಬೈಗುಳ ತಿಂದು, ತಿರುಗಿ ನಮ್ಮನ್ನು ದುರುಗುಟ್ಟಿ ನೋಡಿದಳು. ಮನೆಗೆ ಬಂದು ಆ ಕತೆ ಹೇಳಿಕೊಂಡು ನಕ್ಕೆವು. ಆಗ ನಕ್ಕಿದ್ದೆವು ಅನ್ನುವುದು ಈಗ ನೆನೆದರೆ ಇರಿಸುಮುರಿಸಾಗುತ್ತದೆ.

ಗುರುವಾರ ಆ ಡಿಸ್ಕು ಓಡತೊಡಗಿದ ಮೇಲೆ ನನಗೆ ಗೊತ್ತಾಯಿತು, ನಾನು ಆರಿಸಿದ್ದು ಎಂಥ ಹೊತ್ತಿಗೆ ಎಂಥ ಕತೆಯನ್ನು ಎಂದು. ಪರದೆಯ ಮೇಲೆ ಪೈಪು ಬಿರಿದು ಹಳದಿ ಹೊಗೆ ನುಗ್ಗುತ್ತಿತ್ತು. ಗಿಡ ಕೆಮ್ಮುತ್ತಿತ್ತು. ಬೇರೆ ಕತೆ ಹಾಕೋಣವೆಂದರೆ ಎಲ್ಲದರಲ್ಲೂ ಸೋರಿಕೆಯೇ. ಅತ್ತೆ ನಗಲಿಲ್ಲ. ಬೀಜ ತೆಗೆಯುತ್ತಾ ನೋಡುತ್ತಿದ್ದರು. ನಾನು ನೀರು ಕುಡಿಯುವ ನೆಪದಲ್ಲಿ ಎರಡು ಸಲ ಅಡುಗೆಮನೆಗೆ ಹೋಗಿ ಇವರ ನಂಬರಿಗೆ ಮಾಡಿದೆ. ರಿಂಗಾಗುತ್ತಿತ್ತು, ಗೇಟಿನ ಪೆಟ್ಟಿಗೆಯಲ್ಲಿ. ಫ್ಯಾಕ್ಟರಿಯ ಆಫೀಸಿನ ನಂಬರು ಎಂಗೇಜು.

ಮೂರೂವರೆಯ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಗೀರಿದ್ದ ಜಾಗ ಅದು. ಅತ್ತೆಯ ಕೈ ತಟ್ಟನೆ ರಿಮೋಟಿನ ಕಡೆ ಹೋಯಿತು.

“ಕೇಬಲ್ ಬಂದದ್ಯೇನೋ ನೋಡಣ ತಡಿ.”

“ಬೇಡ ಅತ್ತೆ, ಈಗ ಸರಿಹೋಗುತ್ತೆ.”

ನನ್ನ ದನಿ ಎತ್ತರವಾಗಿತ್ತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. “ತೆಗಿ ಆಚೆ. ವಿಭೂತಿ ಗಟ್ಟಿ ತಗೊಂಬಾ,” ಎಂದರು. ಗೀರಿದ ಡಿಸ್ಕಿಗೆ ವಿಭೂತಿ ಸವರಿ ಮೆತ್ತಗಿನ ಬಟ್ಟೆಯಲ್ಲಿ ಒರೆಸುವುದು ಅವರದೇ ವೈದ್ಯ. ಬೇರೆ ಯಾರ ಮನೆಯಲ್ಲೂ ಮಾಡಲಾರರು, ಆದರೆ ನಮ್ಮಲ್ಲಿ ಅದು ಫಲಿಸುತ್ತಿತ್ತು. ಅಂದೂ ಒಳಗಿನಿಂದ ಅಂಚಿಗೆ, ಒಳಗಿನಿಂದ ಅಂಚಿಗೆ, ಅವಸರವಿಲ್ಲದೆ ಒರೆಸಿದರು. ಬೆರಳಲ್ಲಿ ಮಿಕ್ಕ ಬೂದಿಯನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ಆಮೇಲೆ ನನ್ನ ಹಣೆಗೂ. ಅದು ಪದ್ಧತಿಯಲ್ಲಿರಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಯೋಚಿಸಲಿಲ್ಲ.

ಡಿಸ್ಕು ಮತ್ತೆ ಓಡಿತು.

ನಾಲ್ಕಕ್ಕೆ ಮಗಳು ಕಾಲೇಜಿನಿಂದ ಬಂದಳು. ಬಾಗಿಲಲ್ಲೇ ಗೊತ್ತಾಯಿತು, ಅವಳ ಫೋನಿನಲ್ಲಿ ಎಲ್ಲಾ ನೋಡಿದ್ದಾಳೆ ಎಂದು. ಕಣ್ಣು ಊದಿತ್ತು. ನಾನು ಬೆರಳು ತುಟಿಯ ಮೇಲಿಟ್ಟೆ. ಅವಳು ಅಜ್ಜಿಯ ಕಡೆ ನೋಡಿ, “ಏನಜ್ಜಿ, ವಾರದ ಮಧ್ಯೆ ತಗಡಪ್ಪ?” ಎಂದು ನಗಲು ನೋಡಿದಳು. ಆಗದೆ ಹಿತ್ತಿಲಿಗೆ ಹೋದಳು. ಹಿಂದೆಯೇ ಹೋದೆ. ಒಗೆಯುವ ಕಲ್ಲಿನ ಪಕ್ಕ ನಿಂತು ಪಿಸುಗುಟ್ಟಿದಳು: “ಒಬ್ರು ಮಿಸ್ಸಿಂಗ್ ಅಂತ ಬರ್ತಿದೆ ಅಮ್ಮ. ಯಾರು ಅಂತ ಹಾಕಿಲ್ಲ.”

ಅಷ್ಟರಲ್ಲಿ ನನ್ನ ಫೋನಿಗೆ ಹೊಸ ನಂಬರಿನಿಂದ ಕರೆ.

“ಅಕ್ಕಾ, ನಾನು. ಫೋರ್ಕ್‌ಲಿಫ್ಟ್ ಓಡಿಸ್ತೀನಲ್ಲ, ಬೆಳ್ಳಾವಿಯೋನು. ನಿಮ್ಮನೇಗೆ ಒಂದ್ಸಲ ಬಂದಿದ್ದೆ.” ಬಹಳ ಕೆಮ್ಮು. “ಸಾರ್ ಏನಾದ್ರೂ ಮನೇಗೆ ಬಂದ್ರಾ?”

ಮಗಳು ಕಿವಿ ತಂದು ಫೋನಿಗೆ ಹಚ್ಚಿದಳು.

“ಇಲ್ಲ. ನೀವು ಯಾವಾಗ ನೋಡಿದ್ದು?”

“ನಾವು ಐದು ಜನ, ಸಾರೂ, ಎಲ್ಲಾ ಸ್ಟೋರ್ ಒಳಗಿದ್ವಿ ಅಕ್ಕಾ. ಹೊರ್ಗಡೆ ಪೈಪು ಸಿಡೀತು. ಬಾಗ್ಲತ್ರ ಬೆಳ್ಳಗೆ ಹೊಗೆ ಥರ ತುಂಬ್ಕಂತು. ಏನ್ಮಾಡದು ಅಂತ ನಿಂತಿದ್ವಿ. ಸಾರೇ ಕೈ ಎತ್ತಿ ‘ಓಡೋಣ, ಓಡೋಣ’ ಅಂತ ಕೂಗಿದ್ರು. ಸರಿ ಅಂತ ಎಲ್ಲಾ ಆ ಹೊಗೇಲೇ ನುಗ್ಗಿ ಓಡ್ಬಂದ್ವಿ. ಇಬ್ರು ಗೇಟತ್ರ ಬಿದ್ದೋದ್ರು, ಆಂಬುಲೆನ್ಸಿಗೆ ಹಾಕವ್ರೆ. ತಲೆ ಎಣಿಸಿದ್ರೆ ಸಾರ್ ಇಲ್ಲ. ಓಡೋಣ ಅಂದೋರೇ ಅವ್ರಲ್ವಾ, ನಮಗಿಂತ ಮುಂದೆ ಓಡಿ ಹಿಂದ್ಗಡೆ ಕಾಂಪೌಂಡ್ ಹಾರಿರ್ತಾರೆ ಅಂತ ಹೊಲದ ಕಡೆ ಹುಡುಕ್ತಾವ್ರೆ.”

ಮಗಳು ನನ್ನ ತೋಳು ಹಿಡಿದಳು. ಉಗುರು ಚುಚ್ಚಿದ್ದು ಆಮೇಲೆ ಸ್ನಾನಕ್ಕೆ ಹೋದಾಗ ಉರಿಯಿತು.

“ಕೈ ಹೆಂಗೆ ಎತ್ತಿದ್ರು?” ಎಂದೆ.

“ಏನಕ್ಕಾ?”

“ಕೈ ಎತ್ತಿದ್ರು ಅಂದ್ರಲ್ಲ. ಅಂಗೈ ಯಾವ ಕಡೆ ಇತ್ತು?”

“ನಮ್ಮ ಕಡೆಗೇ ಇತ್ತು. ಟ್ರಾಫಿಕ್ ಪೊಲೀಸ್ನೋರು ಹಿಡೀತಾರಲ್ಲ, ಹಂಗೆ.”

ಇವರು ಓಡಿರಲಿಲ್ಲ. ಯಾರಿಗೂ ಓಡಿ ಅಂತ ಹೇಳಿಯೂ ಇರಲಿಲ್ಲ. ಒಳಗೇ ನಿಲ್ಲಿ, ಬಾಗಿಲು ಮುಚ್ಚೋಣ ಅನ್ನುವ ಹೊತ್ತಿಗೆ ಎಂಟು ವರ್ಷ ಬಾಯಿಗೆ ರೂಢಿಯಾದ ಮಾತು ಬಂದುಬಿಟ್ಟಿತ್ತು. ಐದು ಜನ ಕನ್ನಡ ಬಲ್ಲವರು ಅದನ್ನು ಕನ್ನಡವಾಗಿಯೇ ಕೇಳಿಸಿಕೊಂಡಿದ್ದರು. ಇವರು ಇನ್ನೂ ಸ್ಟೋರಿನೊಳಗಿದ್ದಾರೆ. ಎಲ್ಲರೂ ಹೊಲದಲ್ಲಿ ಹುಡುಕುತ್ತಿದ್ದಾರೆ.

“ಅಣ್ಣಾ, ಅವರು ಒಳಗಿದಾರೆ. ಸ್ಟೋರಲ್ಲೇ ಇದಾರೆ. ಓಡಿಲ್ಲ.”

“ಓಡೋಣ ಅಂದ್ರಲ್ಲಕ್ಕಾ, ನಾನೇ ಕಿವಿಯಾರೆ ಕೇಳಿದೀನಿ.”

“ನಮ್ಮನೇಲಿ ಓಡೋಣ ಅಂದ್ರೆ ನಿಲ್ಲು ಅಂತ.”

ಅವನು ಮೈಮೇಲೆ ಜ್ಞಾನವಿಲ್ಲದವಳ ಜೊತೆ ಮಾತಾಡುವ ಹಾಗೆ ಮೆಲ್ಲಗೆ, “ಅಕ್ಕಾ, ಪಕ್ಕದಲ್ಲಿ ಯಾರಾದ್ರೂ ಅವ್ರಾ? ಅವ್ರಿಗೆ ಕೊಡಿ.”

ಮಗಳು ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. “ಅಂಕಲ್, ಅಮ್ಮ ಸರಿಯಾಗೇ ಹೇಳ್ತಿದಾರೆ. ಒಂದು ಕಾರ್ಟೂನ್ ಇದೆ, ಅದ್ರಲ್ಲಿ ರೋಬೋಟ್ ಹೋಲ್ಡ್ ಆನ್ ಅನ್ನುತ್ತೆ, ನಮ್ಮಜ್ಜಿಗೆ ಓಡೋಣ ಅಂತ ಕೇಳ್ಸುತ್ತೆ...”

“ಕಾರ್ಟೂನಾ? ಏನವ್ವಾ ಇದು, ಇಲ್ಲಿ ಜನ ಸಾಯೋ ಹೊತ್ನಲ್ಲಿ...”

ನನ್ನ ಬೆನ್ನ ಹಿಂದಿನಿಂದ ಹುಣಸೆಹಣ್ಣು ಮೆತ್ತಿದ ಒಂದು ಕೈ ಬಂತು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಡಾಕ್ಟರ ಮಾತು ನೆನಪಾಗಿ ಅವರನ್ನು ಹಿಡಿದುಕೊಳ್ಳಲು ಹೋದೆ. ಅವರು ನನ್ನ ಕೈ ಸರಿಸಿ ಫೋನು ತೆಗೆದುಕೊಂಡರು.

“ಲೋ, ಕೇಳಿಸ್ಕೋ. ನಾನು ಅವರವ್ವ. ಆ ಮಾತು ನಂದು. ನನ್ಮಗ ನನ್ನಿಂದ ಕಲ್ತಿದ್ದು. ಯಾಕೆ ಏನು ಅಂತ ಇನ್ನೊಂದಿನ ಮನೇಗೆ ಬಾ, ಹೇಳ್ತೀನಿ. ಈಗ ಆ ಫೈರ್ ಇಂಜಿನ್ನೋರತ್ರ ಹೋಗಿ ಹೇಳು, ಅವನು ಒಳಗವ್ನೆ, ನಿಂತಲ್ಲೇ ನಿಂತವ್ನೆ ಅಂತ.”

“ಅಜ್ಜೀ, ಶಟರ್ ಬಿದ್ದೈತೆ. ಕರೆಂಟ್ ತೆಗೆದವ್ರೆ. ಒಳ್ಗಡೆ ಯಾರೂ ಇಲ್ಲ ಅಂತ ಆ ಕಡೆ ಯಾರೂ ಹೋಗಿಲ್ಲ.”

“ಶಟರ್ ತಾನಾಗೇ ಬೀಳ್ತೇನೋ? ಒಳಗಿಂದ ಯಾರೋ ಇಳಿಸಿದ್ಕೆ ತಾನೆ ಬಿದ್ದಿರೋದು?”

ಆ ಮಾತಿಗೆ ಅವನು ಉಸಿರೆಳೆದುಕೊಂಡದ್ದು ನನಗೂ ಕೇಳಿಸಿತು.

“ಹೌದಲ್ಲಜ್ಜೀ,” ಎಂದ.

“ಮುರೀರ್ಲಾ ಅದನ್ನ! ಓಡು!” ಎಂದರು ಅತ್ತೆ. ಎಂದವರೇ ಬಾಯಿ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದರು, ಆ ಮಾತೂ ಎಲ್ಲಿ ತಿರುವುಮುರುವಾಗುತ್ತೋ ಅನ್ನುವ ಹಾಗೆ.

ಫೋನು ಕಟ್ಟಾಯಿತು. ನಾಲ್ಕೂ ಹತ್ತು.

ಅತ್ತೆಯನ್ನು ಹಿಡಿದು ಒಳಗೆ ತಂದು ಕೂರಿಸಿದೆ. ನಾಲಿಗೆಯ ಕೆಳಗಿಡುವ ಮಾತ್ರೆ ತೆಗೆದೆ. “ಬೇಡ ಬುಡು, ಬೇಕಾದ್ರೆ ಕೇಳ್ತೀನಿ,” ಎಂದು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

“ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?”

“ನಾರು ಕಮ್ಮಿ ಅಂದ್ಯಲ್ಲ, ಆವಾಗ. ಬೆಳಗ್ಗಿಂದ ಬರೀ ನಾರು ನಾರು ಅಂತ ಗೊಣಗ್ತಿದ್ದೋಳು ನೀನೇ. ನನ್ನ ಮಗಳ ಜೊತೆ ಮಾತಾಡ್ತಾ ಬಿಳಿಚ್ಕೊಂಡೆ. ಕೇಬಲ್ಲಿಲ್ಲ ಅಂತ ಸುಳ್ಳು ಬೇರೆ.” ಗಂಟನ್ನು ಇನ್ನೊಮ್ಮೆ ಬಿಗಿದು, “ನೀನು ಮುಚ್ಚಿಡಕ್ಕೆ ಅಷ್ಟು ಒದ್ದಾಡ್ತಿದ್ದೆ. ನಾನು ಕೇಳಿದ್ರೆ ನೀನು ಬಿದ್ದೋಗ್ತೀಯಾ ಅನ್ನಿಸ್ತು.”

ಮಗಳು ಟೀವಿಯಲ್ಲಿ ವಾರ್ತೆ ಹಾಕಲೇ ಎಂದು ಕೇಳಿದಳು. ಅತ್ತೆ ಬೇಡವೆಂದರು. “ಅವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸ್ತಾರೆ. ತಗಡಪ್ಪನ್ನೇ ಬುಡು. ಸುಮ್ನೆ ಕೂರಕ್ಕಾಗಲ್ಲ.”

ಹಾಗೆ ಮೂವರೂ ಹುಣಸೆಹಣ್ಣಿನ ಸುತ್ತ ಕೂತೆವು. ಫೋನು ನಡುವೆ, ಸೀರೆಯ ಮೇಲೆ. ಮಗಳು ಹಿಂದೆಂದೂ ಬೀಜ ತೆಗೆದವಳಲ್ಲ. ಬೀಜವನ್ನೂ ಹಣ್ಣನ್ನೂ ಒಂದೇ ತಟ್ಟೆಗೆ ಹಾಕುತ್ತಿದ್ದಳು; ಯಾರೂ ಏನೂ ಅನ್ನಲಿಲ್ಲ. ಪರದೆಯ ಮೇಲೆ ನೀಲಿ ಯಜಮಾನಿ ಮೂರನೇ ಕೈಯಿಂದ ತೂತು ಮುಚ್ಚಿಕೊಂಡು ಎರಡು ಕೈಯಿಂದ ಗಿಡವನ್ನು ಸಮಾಧಾನ ಮಾಡುತ್ತಿದ್ದಳು. ಎಂಟು ವರ್ಷ ನಗಿಸಿದ ಜಾಗ. ತಗಡಪ್ಪ ಪ್ರತಿ ಸಲ ಅಂಗೈ ಎತ್ತಿದಾಗಲೂ ನಮ್ಮ ಮೂವರ ಕೈ ನಿಲ್ಲುತ್ತಿತ್ತು. ಅವನು ಅಂದ ಮೇಲೆ ಮತ್ತೆ ಬೀಜ. ಹೊಗೆ ಅವನ ಸೊಂಟದವರೆಗೆ ಬಂತು. ಅವನು ನಿಂತೇ ಇದ್ದ. ಅವನಿಗಾದರೆ ಉಸಿರಾಡುವ ಕೆಲಸವಿಲ್ಲ ಎಂದು ನನಗೆ ಮೊದಲ ಸಲ ಹೊಳೆಯಿತು. ಇವರಿಗೆ ಇದೆ. ಶಟರಿನ ಕೆಳಗೆ ಸಂದಿ ಇರುತ್ತೆ. ಸಂದಿಯಿಂದ ಏನು ಬರಬಹುದೋ, ಎಷ್ಟು ಹೊತ್ತಿಗೆ ಬರಬಹುದೋ ನನಗೆ ತಿಳಿಯದು. ಸ್ಟೋರಿನಲ್ಲಿ ಕಿಟಕಿ ಇದೆಯೇ ಎಂದು ಇಷ್ಟು ವರ್ಷದಲ್ಲಿ ನಾನು ಇವರನ್ನು ಕೇಳಿರಲಿಲ್ಲ.

ಕತೆ ಮುಗಿದು ಗಂಜಿ ಊಟ ಬಂತು. ಅತ್ತೆ ಮುಂದಿನದನ್ನು ಹಾಕು ಎಂದರು. ಅದು ಅರ್ಧವಾಗಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನು ನಡುಗಿತು. ಯಾರೂ ಎತ್ತಲಿಲ್ಲ. ಎರಡನೇ ರಿಂಗಿಗೆ ಮಗಳು ಎತ್ತಿ, ಸ್ಪೀಕರಿಗೆ ಹಾಕಿದಳು.

“ಸಿಕ್ಕಿದ್ರು ಅಕ್ಕಾ! ಒಳಗೇ ಇದ್ರು! ಕುಡಿಯೋ ನೀರಿನ ಕ್ಯಾನ್ ಸುರ್ಕೊಂಡು ಗೋಣಿಚೀಲ ನೆನೆಸಿ ಸಂದಿಗೆಲ್ಲ ತುರುಕವ್ರೆ. ಮೂಲೇಲಿ ವಾಷರ್ ರ್‍ಯಾಕ್ ಪಕ್ಕ ಕೂತಿದ್ರು, ಒದ್ದೆ ಟವಲ್ ಮುಖಕ್ಕೆ ಕಟ್ಕೊಂಡು. ಕಣ್ಣು ಉರಿ, ಮಾತು ಬರ್ತಾ ಇಲ್ಲ, ಅಷ್ಟೇ. ಆಸ್ಪತ್ರೇಲಿ ತೋರ್ಸಿ ಮನೇಗೆ ಬಿಡ್ತೀವಿ. ಇನ್ನೊಂದು ಅರ್ಧ ಗಂಟೆ ತಡ ಆಗಿದ್ರೆ ಕಷ್ಟಿತ್ತು ಅಂದ್ರು ಫೈರ್‌ನೋರು. ಅಜ್ಜಿ ಅವ್ರಾ?”

“ಇದೀನಿ,” ಎಂದರು ಅತ್ತೆ.

“ಆ ಕಾರ್ಟೂನ್ ನಾನೂ ನೋಡ್ಬೇಕಜ್ಜಿ.”

ಅತ್ತೆ ಸೆರಗಿನ ಗಂಟು ಬಿಚ್ಚಿ, ಮಾತ್ರೆ ಬಾಯಿಗೆ ಹಾಕಿಕೊಂಡು, ಗೋಡೆಗೊರಗಿ ಕಣ್ಣು ಮುಚ್ಚಿದರು. ಅವರ ಎದೆ ಏರಿಳಿಯುವುದನ್ನು ನೋಡುತ್ತಾ ನಾನು ಹತ್ತು ನಿಮಿಷ ಅಲ್ಲೇ ಕೂತಿದ್ದೆ.

ಏಳು ಗಂಟೆಗೆ ಇವರು ಬಂದರು. ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟೆ. ಕಣ್ಣು ಕುಂಕುಮದ ಹಾಗೆ ಕೆಂಪಗಿತ್ತು. ಅಂಗಿಯಿಂದ ಬಂದ ವಾಸನೆಗೆ ನನ್ನ ಕಣ್ಣಲ್ಲೂ ನೀರು ಬಂತು. ನೀರು ಬರಲು ಒಂದು ನೆಪ ಸಿಕ್ಕಿತು. ಅತ್ತೆ ಮಗನ ಮುಖ, ಭುಜ, ಕೈ ಎಲ್ಲಾ ಮುಟ್ಟಿ ಮುಟ್ಟಿ ನೋಡಿದರು. ಇವರು ಬೊಗಸೆ ನೀರು ಕುಡಿದು, ಬಿರಿದ ದನಿಯಲ್ಲಿ ಮೊದಲು ಕೇಳಿದ್ದು:

“ಗೇಟತ್ರ ಬಿದ್ರಲ್ಲ, ಆ ಇಬ್ರು ಹೆಂಗವ್ರೆ?”

ಗೊತ್ತಿಲ್ಲ ಎಂದೆವು.

“ನಿಲ್ಲಿ ಅನ್ಬೇಕಿತ್ತು. ನಿಲ್ಲಿ ಅಂತ್ಲೇ ಅಂದ್ಕೊಂಡೆ. ಅವರು ಓಡಿದ್ಮೇಲೆ ನನಗೆ ಗೊತ್ತಾಯ್ತು ನಾನೇನಂದೆ ಅಂತ. ಕೂಗಿದೆ, ಯಾರೂ ತಿರುಗ್ಲಿಲ್ಲ. ಗ್ಯಾಸ್ ಒಳಗೆ ಬರ್ತಿತ್ತು, ಶಟರ್ ಇಳಿಸ್ದೆ.”

“ನಂದು ಕಣೋ ತಪ್ಪು. ಕೇಳಿಸದ ಕಿವಿ ಇಟ್ಕೊಂಡು ವಾದ ಮಾಡ್ದೋಳು ನಾನು,” ಎಂದರು ಅತ್ತೆ.

“ಅಜ್ಜಿ, ನಿಮ್ಮ ಕಿವಿಯಿಂದಾನೇ ಅಪ್ಪ ಸಿಕ್ಕಿದ್ದು,” ಎಂದಳು ಮಗಳು.

“ಮೊದಲು ಕಳೆದದ್ದೂ ಅದ್ರಿಂದಾನೇ ಅಲ್ವೇನೇ?”

ಇವರು ಎದ್ದು ಪ್ಲೇಯರಿನಿಂದ ಡಿಸ್ಕು ತೆಗೆದು, ಅಂಚು ಹಿಡಿದು ದೀಪಕ್ಕೆ ತೋರಿಸಿ ನೋಡಿದರು. ವಿಭೂತಿಯ ಗೆರೆ ಇನ್ನೂ ಇತ್ತು. ಬಿಸಾಡುತ್ತಾರೇನೋ ಅಂದುಕೊಂಡೆ. ಪೆಟ್ಟಿಗೆಗೆ ಹಾಕಿ ಗೂಡಿನಲ್ಲಿಟ್ಟು, ಗೂಡಿನ ಬಾಗಿಲು ಮುಚ್ಚಿದರು. ಆಮೇಲೆ ಮತ್ತೆ ಭಾನುವಾರಗಳಂದು ಅದು ಹೊರಗೆ ಬಂದಿದೆ. ಆ ಒಂದು ಮಾತನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಾಲು ಉಕ್ಕಿದರೆ ‘ನಿಲ್ಲು’ ಅನ್ನುತ್ತೇವೆ, ಊರವರ ಹಾಗೆ.

ಅಂದು ಇವರು ಊಟಕ್ಕೆ ಏಳಲೊಲ್ಲರು. ಎಂಟು ಗಂಟೆಗೆ ಬೆಳ್ಳಾವಿಯ ಫೋರ್ಕ್‌ಲಿಫ್ಟಿನವನೇ ಫೋನು ಮಾಡಿದ. ಆ ಇಬ್ಬರೂ ಮಾತಾಡುತ್ತಿದ್ದಾರೆ, ಆಕ್ಸಿಜನ್ ತೆಗೆದಿದ್ದಾರೆ, ಎರಡು ದಿನ ಇಟ್ಟುಕೊಂಡು ಕಳಿಸುತ್ತಾರೆ. ಇವರು ಫೋನು ಕೆಳಗಿಟ್ಟು, “ತಟ್ಟೆ ಹಾಕು,” ಎಂದರು.

ಮುದ್ದೆ, ಹಲಸಂದೆ ಕಾಳಿನ ಸಾರು. ಹೊಸ ಹುಣಸೆಹಣ್ಣು ಹಾಕಿದ್ದೆ. ಸಾರಿನಲ್ಲಿ ಎರಡು ಬೀಜ ಸಿಕ್ಕವು, ಮಗಳ ಕೈಚಳಕ. ಇವರಿಗೆ ಗಂಟಲು ಉರಿಯುತ್ತಿದ್ದುದರಿಂದ ಮಜ್ಜಿಗೆ ಅನ್ನ ಕಲಸಿಕೊಟ್ಟೆ, ಎರಡು ಸಲ ಹಾಕಿಸಿಕೊಂಡರು. ನಾನು ಒಂದು ಮುದ್ದೆ. ಮಗಳು ಅರ್ಧ. ಅತ್ತೆ ಬರೀ ಹಾಲು. ಮೊದಲು ಮಲಗಿದ್ದು ಅತ್ತೆ, ಹಜಾರದ ಚಾಪೆಯ ಮೇಲೆ, ಮಗನ ಕಾಲಿನ ಹತ್ತಿರ, ಹುಣಸೆಹಣ್ಣು ಮೆತ್ತಿದ ಕೈ ಕೂಡ ತೊಳೆಯದೆ.